‘ಹೈ ಐಡಲ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಎಲ್ಲರಿಗೂ ನಮಸ್ಕಾರ.

ಕೊರೆಯುವ ಚಳಿಯಲ್ಲಿ ಡೀಸೆಲ್ ಪಿಕಪ್ ಟ್ರಕ್ಕುಗಳನ್ನು ಹೇಗೆ ನೋಡಿಕೊಳ್ಳಬೇಕೆಂದು ತಿಳಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಂಜಿನ್, ಗೇರ್, ಬ್ಯಾಟರಿ ಇವೆಲ್ಲ ಹಾಗೆಯೇ ಉಳಿದರೆ ಯಾರಿಗೂ ತೊಂದರೆಯಿಲ್ಲ. ಆದರೆ ‘ಹೈ ಐಡಲ್’ ಎಂಬ ಜೋಡಿಪದ ಪುಟಪುಟಕ್ಕೂ ಎದುರಾಗುತ್ತಿದ್ದು, ಅದಕ್ಕೆ ನಾನು ಬರೆದುಕೊಂಡ ಪ್ರತಿಯೊಂದು ಪದವೂ ಮುಂದಿನ ಪುಟದಲ್ಲಿ ಕೈಕೊಡುತ್ತಿದೆ.

ಮೊದಲು ವಿಷಯವನ್ನು ಹೇಳುತ್ತೇನೆ. ಗಾಡಿ ನಿಂತಿದ್ದು ಎಂಜಿನ್ ಮಾತ್ರ ಓಡುತ್ತಿರುವುದೇ ಐಡಲ್. ಇಂಥ ಟ್ರಕ್ಕುಗಳಲ್ಲಿ ಆಗ ಎಂಜಿನ್ ನಿಮಿಷಕ್ಕೆ ಸುಮಾರು 600ರಿಂದ 800 ಸುತ್ತು ತಿರುಗುತ್ತದೆ. ಕಡುಚಳಿಯಲ್ಲಿ ಇದು ಸಾಲದು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲದಿರುವುದರಿಂದ, ಒತ್ತಿ ಹಿಡಿದ ಗಾಳಿಯ ಕಾವಿಗೇ ಇಂಧನ ಹೊತ್ತಿಕೊಳ್ಳಬೇಕು. ಕೆಲಸವಿಲ್ಲದೆ ಓಡುವಾಗ ಅದು ಉರಿಸುವ ಡೀಸೆಲ್ ತೀರ ಕಡಿಮೆ, ಒಳಗೆಳೆದುಕೊಳ್ಳುವ ತಣ್ಣನೆಯ ಗಾಳಿ ಮಾತ್ರ ಧಾರಾಳ. ಹೀಗಾಗಿ ಎಷ್ಟು ಹೊತ್ತು ಸ್ಟಾರ್ಟ್‌ನಲ್ಲಿ ಬಿಟ್ಟರೂ ಎಂಜಿನ್ ಸರಿಯಾಗಿ ಬಿಸಿಯೇರದೆ, ಪೂರ್ತಿ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಆಯಿಲ್ ಸೇರುತ್ತದೆ, ಹೊಗೆಕೊಳವೆಯಲ್ಲಿ ಮಸಿ ಕಟ್ಟುತ್ತದೆ. ಆದ್ದರಿಂದ ಗಾಡಿ ನಿಂತಿರುವಂತೆಯೇ ವೇಗವನ್ನು ಸುಮಾರು 1000ದಿಂದ 1200 ಸುತ್ತುಗಳಿಗೆ ಏರಿಸಿ ಇಡುವ ಏರ್ಪಾಡಿಗೆ ಹೈ ಐಡಲ್ ಎನ್ನುತ್ತಾರೆ. ಕೆಲವು ಟ್ರಕ್ಕುಗಳಲ್ಲಿ ಇದಕ್ಕೆ ಬೇರೆಯೇ ಸ್ವಿಚ್ ಇರುತ್ತದೆ, ಕೆಲವದರಲ್ಲಿ ಕ್ರೂಸ್ ಕಂಟ್ರೋಲ್ (ಆಕ್ಸಿಲರೇಟರ್ ತುಳಿಯದೆಯೇ ಗಾಡಿಯನ್ನು ಒಂದೇ ವೇಗದಲ್ಲಿ ಓಡಿಸುವ ಏರ್ಪಾಡು) ಗುಂಡಿಗಳೇ ಈ ಕೆಲಸವನ್ನೂ ಮಾಡುತ್ತವೆ.

ಈ ಉರಿಯದ ಡೀಸೆಲ್ಲಿನ ಪಾಡಿಗೆ ಇಂಗ್ಲಿಷಿನಲ್ಲಿ ‘ಒದ್ದೆ’ ಎಂಬರ್ಥದ ಪದ ಬಳಸುತ್ತಾರೆ. ನಮ್ಮ ‘ಹಸಿ’ಯಲ್ಲಿ ಒದ್ದೆಯೂ ಇದೆ, ಬೇಯದ್ದೂ ಇದೆ, ಹಸಿ ಸೌದೆಯ ಹೊಗೆಯೂ ಇದೆ. ಇಲ್ಲಿ ಕನ್ನಡವೇ ಗೆದ್ದಿತೆಂದು ನನ್ನ ಅನಿಸಿಕೆ. ಆ ಜಾಗದಲ್ಲಿ ‘ಹಸಿ ಡೀಸೆಲ್’ ಎಂದೇ ಬರೆದು ಮುಂದೆ ಹೋಗಿದ್ದೇನೆ.

ಐಡಲ್ ವಿಷಯದಲ್ಲಿ ಹಾಗಾಗಲಿಲ್ಲ. ಮೊದಲು ಹೊಳೆದದ್ದು ‘ನಿಷ್ಕ್ರಿಯ’. ಓಡುತ್ತಿರುವ ಎಂಜಿನ್ನನ್ನು ನಿಷ್ಕ್ರಿಯ ಎಂದರೆ ಓದುಗರು ಅದನ್ನು ಆಫ್ ಮಾಡಿದೆ ಎಂದೇ ತಿಳಿಯುತ್ತಾರೆ. ‘ಮಂದಗತಿ’ ಸ್ವಲ್ಪ ಹೊತ್ತು ಒಪ್ಪಿಗೆಯಾಯಿತು, ಆದರೆ ಅದರ ಹಿಂದೆ ‘ಹೈ’ ಬಂದೊಡನೆ ‘ಉನ್ನತ ಮಂದಗತಿ’ ಎಂಬ ವಿಚಿತ್ರ ಪ್ರಾಣಿ ಹುಟ್ಟಿಕೊಂಡಿತು. ‘ಖಾಲಿ ಓಟ’ ಎನ್ನೋಣವೆಂದರೆ, ಖಾಲಿ ಗಾಡಿ ಎಂದರೆ ಸರಕಿಲ್ಲದ ಗಾಡಿ ಎಂಬ ಅರ್ಥ ಚಾಲಕರ ಬಾಯಲ್ಲಿ ಗಟ್ಟಿಯಾಗಿ ಕೂತಿದೆ; ಬೆನ್ನ ತುಂಬ ಸಾಮಾನು ಹೇರಿಕೊಂಡ ಪಿಕಪ್ ಕೂಡ ನಿಂತಲ್ಲಿ ಐಡಲ್ ಆಗಿರಬಹುದಲ್ಲ. ‘ಹೊರೆಯಿಲ್ಲದ ಓಟ’ಕ್ಕೂ ಇದೇ ತೊಡಕು. ‘ನಿಂತೋಟ’ ಎಂದು ಒಂದು ಪದ ಕಟ್ಟಿ ಖುಷಿಪಟ್ಟಿದ್ದೆ. ಮನೆಯಲ್ಲಿ ಗಟ್ಟಿಯಾಗಿ ಓದಿದಾಗ, ಕೇಳಿದವರು ‘ಯಾರ ತೋಟ?’ ಎಂದರು.

‘ಸುಮ್ಮನೆ ಓಡುವುದು’ ಎಂಬುದು ಸಹಜವಾದ ಕನ್ನಡವೇ. ಆದರೆ ಸುಮ್ಮನೆ ಎಂಬುದರಲ್ಲಿ ‘ಬೇಕಿಲ್ಲದೆ’ ಎಂಬ ಆಕ್ಷೇಪವೂ ಅಡಗಿದೆ. ಕ್ಯಾಲಿಫೋರ್ನಿಯದಲ್ಲಿ ಭಾರಿ ಡೀಸೆಲ್ ವಾಹನಗಳನ್ನು ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ಹೊತ್ತು ಐಡಲ್‌ನಲ್ಲಿ ಬಿಡಬಾರದೆಂಬ ನಿಯಮವಿದೆ. ಅಂಥ ನಿಯಮವನ್ನು ಅನುವಾದಿಸುವಾಗ ‘ಸುಮ್ಮನೆ’ ಸೊಗಸಾಗಿ ಹೊಂದುತ್ತದೆ. ಚಳಿಯಿಂದ ಎಂಜಿನ್ನನ್ನು ಕಾಯಲೆಂದು ಬೇಕೆಂದೇ ಮಾಡುವ ಕೆಲಸಕ್ಕೆ ಹೊಂದುವುದಿಲ್ಲ.

ಇಷ್ಟಾದ ಮೇಲೆ ಇನ್ನೊಂದು ಗಂಟು ಕಣ್ಣಿಗೆ ಬಿತ್ತು. ಟ್ರಾಕ್ಟರು, ಜನರೇಟರುಗಳ ಡೀಸೆಲ್ ಎಂಜಿನ್ ಬಲ್ಲವರು ಹೈ ಐಡಲ್ ಎಂದಾಗ ಹೇಳುವುದೇ ಬೇರೆ: ಆಕ್ಸಿಲರೇಟರನ್ನು ಪೂರ್ತಿ ಕೊಟ್ಟು, ಎಂಜಿನ್ ಮೇಲೆ ಯಾವ ಕೆಲಸವನ್ನೂ ಹೇರದಿದ್ದಾಗ, ವೇಗ ಮಿತಿಮೀರದಂತೆ ತಡೆಯುವ ಗವರ್ನರ್ ಎಂಬ ಸಾಧನ ಬಿಟ್ಟುಕೊಡುವ ಅತಿ ಹೆಚ್ಚಿನ ವೇಗ. ಅದು 1200ರ ಮಾತಲ್ಲ, 2000ವನ್ನು ದಾಟುವುದೂ ಉಂಟು. ಅಂದರೆ ಒಂದೇ ಪದ ಒಂದು ಕಡೆ ‘ತುಸು ಏರಿಸಿದ್ದು’, ಇನ್ನೊಂದು ಕಡೆ ‘ತುತ್ತತುದಿ’. ಕನ್ನಡದಲ್ಲಿ ಇವೆರಡನ್ನೂ ‘ಉನ್ನತ’ ಎಂದು ಒಂದೇ ಚೀಲಕ್ಕೆ ತುಂಬಿದರೆ, ಕೈಪಿಡಿ ಓದಿ ಎಂಜಿನ್ನನ್ನು ಅರಚಿಸುವವರು ಹುಟ್ಟಿಕೊಳ್ಳಬಹುದು.

ಆದರೆ ಈ ಎರಡನೆಯ ಬಳಕೆಯೇ ನನಗೆ ದಾರಿ ತೋರಿಸಿತು. ಐಡಲ್ ಎಂದರೆ ನಿಧಾನವೂ ಅಲ್ಲ, ಸೋಮಾರಿತನವೂ ಅಲ್ಲ. ಓಟವಿದೆ, ಆ ಓಟದಿಂದ ಗಾಡಿಗೆ ಸಾಗುವ ಕೆಲಸ ಇಲ್ಲ, ಅಷ್ಟೆ. ಇಂಗ್ಲಿಷಿನ ಆ ಪದದ ಹಳೆಯ ಅರ್ಥವೂ ಬರಿದು, ಪೊಳ್ಳು ಎಂದೇ ಇದ್ದು, ಜರ್ಮನರು ಇದನ್ನು ‘ಲೇರ್‌ಲೌಫ್’, ಎಂದರೆ ಬರಿದಾದ ಓಟ, ಎನ್ನುತ್ತಾರೆ. ಫ್ರೆಂಚರು ಮಾತ್ರ ನಿಧಾನದ ಕಡೆಯಿಂದ ಹೆಸರಿಟ್ಟರು. ನಮ್ಮಲ್ಲಿ ಬರಿಗೈ, ಬರಿಗಾಲು, ಬರಿಮಾತು ಇವೆ. ಬರಿಮಾತು ಎಂದರೆ ಮಾತು ನಿಂತಿದೆ ಎಂದಲ್ಲ, ಕೆಲಸವಾಗುತ್ತಿಲ್ಲ ಎಂದು. ಆ ಸಾಲಿಗೆ ‘ಬರಿಯೋಟ’ ಸೇರಬಹುದೆ? ಹಾಗಾದರೆ ಚಳಿಗಾಲದ್ದು ‘ಏರಿಸಿದ ಬರಿಯೋಟ’, ಗವರ್ನರಿನದು ‘ತುದಿ ಬರಿಯೋಟ’ ಎಂದು ಬೇರೆಬೇರೆಯಾಗುತ್ತವೆ. ‘ಹೈ ಐಡಲ್ ಸೆಟ್ಟಿಂಗ್’ ಎಂದು ಬರುವ ಕಡೆ ‘ಸೆಟ್ಟಿಂಗ್’ ಮಾತ್ರ ಹಾಗೆಯೇ ಇರಲಿ. ‘ಹೊಂದಾಣಿಕೆ’ ಎಂದರೆ ಸಂಸಾರದ ಮಾತಾಗುತ್ತದೆ.

ಕೈಪಿಡಿಯ ಒಂದು ವಾಕ್ಯವನ್ನು ಹೀಗೆ ಬರೆದು ನೋಡಿದ್ದೇನೆ: ‘ಗೇರ್ ಪಾರ್ಕ್‌ನಲ್ಲಿದ್ದು ಹ್ಯಾಂಡ್‌ಬ್ರೇಕ್ ಹಾಕಿದ್ದರೆ ಮಾತ್ರ ಏರಿಸಿದ ಬರಿಯೋಟ ಶುರುವಾಗುತ್ತದೆ, ಬ್ರೇಕ್ ಪೆಡಲ್ ತುಳಿದ ಕೂಡಲೇ ಎಂಜಿನ್ ಮಾಮೂಲಿ ಬರಿಯೋಟಕ್ಕೆ ಇಳಿಯುತ್ತದೆ.’ ಎಂಜಿನ್ ಎಂಬ ಪದ ಪಕ್ಕದಲ್ಲಿದ್ದರೆ ಅರ್ಥ ಕೆಡುವುದಿಲ್ಲ. ‘ಗಾಡಿಯ ಬರಿಯೋಟ’ ಎಂದರೆ ಮಾತ್ರ ಗಾಡಿಯೇ ರಸ್ತೆಯಲ್ಲಿ ಖಾಲಿ ಓಡಿದಂತೆ ಕೇಳುತ್ತದೆ.

ಈ ಪದಕ್ಕಿಂತ ಮೊದಲೇ ಬಳಕೆಯಲ್ಲಿರುವ ಪದವೊಂದು ನಿಮ್ಮ ಗಮನದಲ್ಲಿದ್ದರೆ ದಯವಿಟ್ಟು ತಿಳಿಸಿ. ಗ್ಯಾರೇಜಿನವರ ‘ರೇಸ್ ಕೊಡು’ ಎಂಬುದು ಬೇಡ. ಅದು ಕಾಲಿನಿಂದ ಗಳಿಗೆ ಹೊತ್ತು ಒತ್ತುವುದು, ಇದು ನೆಲೆನಿಲ್ಲುವ ವೇಗ. ಜೊತೆಗೆ ಕ್ರಿಯಾಪದದ ವಿಚಾರವನ್ನೂ ಹೇಳಬೇಕು. ಮಾಮೂಲಿ ಐಡಲ್‌ಗೆ ‘ಬರಿಯೋಟದಲ್ಲಿ ಬಿಡು’ ಎಂದೂ, ಏರಿಸಿದ್ದಕ್ಕೆ ‘ಬರಿಯೋಟದಲ್ಲಿ ಇಡು’ ಎಂದೂ ನನ್ನ ಕೈ ತಾನಾಗಿ ಬರೆಯುತ್ತಿದೆ. ಬಿಡುವುದರಲ್ಲಿ ಕೈಬಿಟ್ಟ ಭಾವ, ಇಡುವುದರಲ್ಲಿ ಬೇಕೆಂದು ಕಾಯ್ದುಕೊಂಡ ಭಾವ ಇರುವುದರಿಂದಲೋ ಏನೋ. ಈ ವ್ಯತ್ಯಾಸ ನಿಮ್ಮ ಕಿವಿಗೂ ಕೇಳುತ್ತದೆಯೆ?