ಒಂದೂ ಪಂದ್ಯ ಸೋಲದ ತಂಡವನ್ನು ಹೊರಗಿಟ್ಟದ್ದು ನ್ಯಾಯವೇ? ಕಾಲೇಜ್ ಫುಟ್‌ಬಾಲ್ ಪ್ಲೇಆಫ್ ಆಯ್ಕೆಯ ಬಗ್ಗೆ

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ನನ್ನ ತಂಗಿ ಎಂ.ಎಸ್. ಓದಲು ಫ್ಲೋರಿಡಾಕ್ಕೆ ಹೋದಾಗಿನಿಂದ ನಾನು ಅಮೆರಿಕದ ಕಾಲೇಜ್ ಫುಟ್‌ಬಾಲನ್ನು (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ) ಬಿಡದೆ ನೋಡುತ್ತಿದ್ದೇನೆ. ಅಲ್ಲಿನ ಶನಿವಾರ ಸಂಜೆಯ ಪಂದ್ಯ ನಮಗೆ ಭಾನುವಾರದ ಬೆಳಗಿನ ಜಾವಕ್ಕೆ ಬೀಳುವುದರಿಂದ, ಪಂದ್ಯ ಮುಗಿಸಿಕೊಂಡು ಬೆಣ್ಣೆದೋಸೆಗೆ ಹೋಗುವುದು ನಮ್ಮ ಮನೆಯಲ್ಲಿ ರೂಢಿಯಾಗಿಬಿಟ್ಟಿದೆ. ಆದರೆ 2023ರ ಡಿಸೆಂಬರ್ 3ರ ರಾತ್ರಿ, ರಾಷ್ಟ್ರೀಯ ಚಾಂಪಿಯನ್ ಯಾರೆಂದು ನಿರ್ಧರಿಸುವ ಪ್ಲೇಆಫಿಗೆ ಆಯ್ಕೆ ಸಮಿತಿ ಆರಿಸಿದ ನಾಲ್ಕು ತಂಡಗಳ ಹೆಸರು ಪ್ರಕಟವಾದಾಗ ಆದ ಬೇಸರ ಇಂದಿಗೂ ಹೋಗಿಲ್ಲ. ಫ್ಲೋರಿಡಾ ಸ್ಟೇಟ್ ಆ ವರ್ಷ ಆಡಿದ 13 ಪಂದ್ಯಗಳನ್ನೂ ಗೆದ್ದು ಎಸಿಸಿ ಕಾನ್ಫರೆನ್ಸಿನ (ಕಾನ್ಫರೆನ್ಸ್ ಎಂದರೆ ಹೆಚ್ಚಿನ ಪಂದ್ಯಗಳನ್ನು ತಮ್ಮೊಳಗೇ ಆಡುವ ಕಾಲೇಜುಗಳ ಗುಂಪು) ಚಾಂಪಿಯನ್ ಆಗಿತ್ತು. ಆದರೂ ಸಮಿತಿಯವರು ನಾಲ್ಕನೆಯ ಸ್ಥಾನವನ್ನು ಒಂದು ಪಂದ್ಯ ಸೋತಿದ್ದ, ಎಸ್‌ಇಸಿ ಎಂಬ ಕಾನ್ಫರೆನ್ಸಿನ ಅಲಬಾಮಾಕ್ಕೆ ಕೊಟ್ಟರು. ನಾಲ್ಕು ತಂಡಗಳ ಪ್ಲೇಆಫ್ ನಡೆದ ಹತ್ತು ವರ್ಷಗಳಲ್ಲಿ ಐದು ದೊಡ್ಡ ಕಾನ್ಫರೆನ್ಸುಗಳ ಅಜೇಯ ಚಾಂಪಿಯನ್ ಒಬ್ಬರು ಹೊರಗುಳಿದದ್ದು ಅದೊಂದೇ ಸಲ.

ಫ್ಲೋರಿಡಾ ಸ್ಟೇಟಿನ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ಮುನ್ನಡೆಸುವ ಆಟಗಾರ) ಜೋರ್ಡನ್ ಟ್ರಾವಿಸ್ ನವೆಂಬರಿನಲ್ಲಿ ಕಾಲು ಮುರಿದುಕೊಂಡದ್ದರಿಂದ ತಂಡ ಮೊದಲಿನಂತಿಲ್ಲ ಎಂಬುದು ಸಮಿತಿ ಕೊಟ್ಟ ಕಾರಣ. ಆದರೆ ಅವರಿಲ್ಲದೆಯೇ ತಂಡ ಫ್ಲೋರಿಡಾ ವಿಶ್ವವಿದ್ಯಾಲಯದ ತಂಡವನ್ನು 24–15ರಿಂದ, ಲೂಯಿವಿಲ್ ತಂಡವನ್ನು 16–6ರಿಂದ ಸೋಲಿಸಿತು. ಋತುವಿನ ಮೊದಲ ಪಂದ್ಯದಲ್ಲಿಯೇ ಎಸ್‌ಇಸಿ ಕಾನ್ಫರೆನ್ಸಿನ ಎಲ್‌ಎಸ್‌ಯುವನ್ನು 45–24ರಿಂದ ಮಣಿಸಿತ್ತು. ಅಲಬಾಮಾವಾದರೋ ಸೆಪ್ಟೆಂಬರಿನಲ್ಲಿ ಸ್ವಂತ ಅಂಗಳದಲ್ಲೇ ಟೆಕ್ಸಾಸ್‌ಗೆ ಸೋತಿತ್ತು. ಇದನ್ನು ಎಸ್‌ಇಸಿಯ ಪರವಾದ ಪಕ್ಷಪಾತ ಎನ್ನದೆ ಬೇರೆ ಏನೆನ್ನಬೇಕು? ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1 (ಚಿತ್ರದುರ್ಗ)

ನಾನು ಅಲಬಾಮಾ ರಾಜ್ಯದಲ್ಲಿ ಎರಡು ವರ್ಷ ಓದಿದವನು, ಆದ್ದರಿಂದ ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಆದರೆ ಪಕ್ಷಪಾತ ಎಂಬ ಮಾತನ್ನು ಒಪ್ಪಲಾರೆ. ಈ 13 ಜನರ ಸಮಿತಿಗೆ ಬರಹದಲ್ಲಿರುವ ನಿಯಮಾವಳಿಯಿದೆ. ಕಾನ್ಫರೆನ್ಸ್ ಚಾಂಪಿಯನ್ ಪಟ್ಟ, ಎದುರಾಳಿಗಳ ಬಲ, ಪರಸ್ಪರ ಆಡಿದ ಪಂದ್ಯದ ಫಲಿತಾಂಶ, ಇಬ್ಬರಿಗೂ ಸಮಾನರಾದ ಎದುರಾಳಿಗಳ ವಿರುದ್ಧದ ಸಾಧನೆ, ಇವುಗಳ ಜೊತೆಗೆ ಮುಖ್ಯ ಆಟಗಾರನ ಗೈರುಹಾಜರಿಯಿಂದ ಮುಂದಿನ ಪಂದ್ಯಗಳ ಮೇಲೆ ಆಗಬಹುದಾದ ಪರಿಣಾಮವನ್ನೂ ಪರಿಗಣಿಸಬೇಕು ಎಂದು ಅದರಲ್ಲೇ ಬರೆದಿದೆ. ಟ್ರಾವಿಸ್ ಗಾಯಗೊಂಡ ಮೇಲೆ ಯಾರೋ ಹೊಸದಾಗಿ ಸೇರಿಸಿದ ಸಾಲು ಅದಲ್ಲ. ಸಮಿತಿಯ ಸದಸ್ಯರು ತಮ್ಮದೇ ಸಂಸ್ಥೆಯ ವಿಷಯ ಚರ್ಚೆಗೆ ಬಂದಾಗ ಕೋಣೆಯಿಂದ ಹೊರಗೆ ಹೋಗಬೇಕೆಂಬ ನಿಯಮವೂ ಇದೆ.

ಅಲಬಾಮಾ ಕೊನೆಯ ಶನಿವಾರ ಸೋಲಿಸಿದ್ದು ಯಾರನ್ನು ಎಂಬುದನ್ನೂ ನೋಡಬೇಕು. ಹಿಂದಿನ ಎರಡು ವರ್ಷ ಸತತವಾಗಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ, ಅಲ್ಲಿಯವರೆಗೆ ಮೊದಲ ಸ್ಥಾನದಲ್ಲಿದ್ದ ಜಾರ್ಜಿಯಾವನ್ನು ಅದು 27–24ರಿಂದ ಸೋಲಿಸಿತು. ಅದೇ ಜಾರ್ಜಿಯಾ, ಆಯ್ಕೆಯ ನಂತರ ಪ್ಲೇಆಫಿನ ಹೊರಗೆ ನಡೆದ ಆರೆಂಜ್ ಬೌಲ್ ಪಂದ್ಯದಲ್ಲಿ ಫ್ಲೋರಿಡಾ ಸ್ಟೇಟನ್ನು 63–3ರಿಂದ ಸೋಲಿಸಿತಲ್ಲ! ಹತ್ತು ವರ್ಷಗಳ ಆ ಅವಧಿಯಲ್ಲಿ ಆರು ಸಲ ಪ್ರಶಸ್ತಿ ಗೆದ್ದದ್ದು ಎಸ್‌ಇಸಿಯ ತಂಡಗಳೇ.

ಇಎಸ್‌ಪಿಎನ್ ವಾಹಿನಿಯ ಬಳಿ ಎಸ್‌ಇಸಿಯ ಪ್ರಸಾರ ಹಕ್ಕು ಇರುವುದರಿಂದ ಹೀಗಾಯಿತೆಂದು ಹಲವರು ಹೇಳುತ್ತಾರೆ. ಎಸಿಸಿಯ ಹಕ್ಕೂ ಅದೇ ವಾಹಿನಿಯ ಬಳಿ ಇದೆ ಎಂಬುದನ್ನು ಅವರು ಮರೆಯುತ್ತಾರೆ.

ಉತ್ತರ 2 (ಪಿ.ಜೆ. ಬಡಾವಣೆ, ದಾವಣಗೆರೆ)

ನಾನು ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದು ನಿವೃತ್ತನಾದವನು. ಮೊಮ್ಮಗನ ಜೊತೆ ಕೂತು ಈ ಆಟವನ್ನು ಕಲಿತೆ. ಇಬ್ಬರೂ ಆ ಒಂದು ಭಾನುವಾರದ ಸುತ್ತಲೇ ವಾದ ಮಾಡುತ್ತಿದ್ದೀರಿ. ಪಕ್ಷಪಾತವೆಂಬುದು ಇದ್ದರೆ ಅದು ಅದಕ್ಕಿಂತ ಬಹಳ ಹಿಂದೆಯೇ ಒಳಗೆ ಬಂದಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ನನ್ನ ಅನುಭವದ ಒಂದು ಸಂಗತಿ ಹೇಳುತ್ತೇನೆ. ಹಿಂದೊಮ್ಮೆ ಅಂತರ ಕಾಲೇಜು ವಾಲಿಬಾಲ್ ಪಂದ್ಯಾವಳಿಯಿಂದ ವಿಶ್ವವಿದ್ಯಾಲಯದ ತಂಡವನ್ನು ಆರಿಸಲು ಕೂತ ಐದು ಜನರಲ್ಲಿ ನಾನೂ ಒಬ್ಬ. ಪಟ್ಟಣದ ನಾಲ್ಕು ಕಾಲೇಜುಗಳು ಒಂದೇ ಗುಂಪಿನಲ್ಲಿದ್ದು ಪರಸ್ಪರ ಸೋತು ಗೆದ್ದಿದ್ದವು. ತಾಲ್ಲೂಕು ಕೇಂದ್ರದ ಕಾಲೇಜೊಂದು ಇನ್ನೊಂದು ಗುಂಪಿನಲ್ಲಿ ಎಲ್ಲವನ್ನೂ ಗೆದ್ದಿತ್ತು. ಚರ್ಚೆ ಶುರುವಾದಾಗ ಪಟ್ಟಣದ ಹುಡುಗರ ಸೋಲುಗಳನ್ನು 'ಗಟ್ಟಿ ತಂಡದ ಎದುರು ಸೋತದ್ದು' ಎಂದು ಎಲ್ಲರೂ ಸಹಜವಾಗಿ ಒಪ್ಪಿಕೊಂಡೆವು, ತಾಲ್ಲೂಕಿನ ಹುಡುಗರ ಗೆಲುವುಗಳನ್ನು ಮಾತ್ರ 'ಎದುರಿಗೆ ಯಾರಿದ್ದರು' ಎಂದು ಕೇಳಿದೆವು. ನಮ್ಮಲ್ಲಿ ಯಾರೂ ಲಂಚ ತಿಂದವರಲ್ಲ, ಯಾರಿಗೂ ಕೆಟ್ಟ ಮನಸ್ಸೂ ಇರಲಿಲ್ಲ. ಆದರೆ ಪಟ್ಟಣದ ಗುಂಪು ಗಟ್ಟಿಯೆಂದು ನಮಗೆ ಹೇಳಿದ್ದು ಯಾವ ಪಂದ್ಯ? ಎರಡು ಗುಂಪುಗಳ ನಡುವೆ ಒಂದೇ ಒಂದು ಪಂದ್ಯವೂ ನಡೆದಿರಲಿಲ್ಲ. ಹಿಂದಿನ ವರ್ಷಗಳ ನೆನಪು ನಮ್ಮ ಬದಲು ತೀರ್ಪು ಕೊಟ್ಟಿತ್ತು. ತಾಲ್ಲೂಕಿನ ಆ ಕಾಲೇಜಿನಿಂದ ಒಬ್ಬನನ್ನೂ ತೆಗೆದುಕೊಳ್ಳಲಿಲ್ಲ, ನಾನೂ ಸಹಿ ಹಾಕಿದೆ. ಆ ಸಹಿಯ ಬಗ್ಗೆ ನನಗೆ ಈಗಲೂ ಪಶ್ಚಾತ್ತಾಪವಿದೆ.

ಅಮೆರಿಕದಲ್ಲಿ ನಡೆಯುತ್ತಿರುವುದೂ ಇದೇ, ಪ್ರಮಾಣ ಮಾತ್ರ ದೊಡ್ಡದು. ಮೇಲಿನ ದರ್ಜೆಯಲ್ಲಿ 130ಕ್ಕೂ ಹೆಚ್ಚು ತಂಡಗಳಿದ್ದು, ಪ್ರತಿ ತಂಡಕ್ಕೂ ಸಿಗುವುದು 12 ಪಂದ್ಯಗಳು. ಅವುಗಳಲ್ಲಿ ಎಂಟೋ ಒಂಬತ್ತೋ ತನ್ನದೇ ಕಾನ್ಫರೆನ್ಸಿನ ಒಳಗೆ ಮುಗಿಯುತ್ತವೆ. ಉಳಿದ ಮೂರು ನಾಲ್ಕರಲ್ಲಿ ಹೆಚ್ಚಿನವು ದುರ್ಬಲರ ಎದುರು. ಹೀಗಿರುವಾಗ ಒಂದು ಕಾನ್ಫರೆನ್ಸ್ ಇನ್ನೊಂದಕ್ಕಿಂತ ಬಲಿಷ್ಠವೆಂದು ತೋರಿಸುವ ಪಂದ್ಯಗಳು ಬೆರಳೆಣಿಕೆಯಷ್ಟು. ಆ ಖಾಲಿ ಜಾಗವನ್ನು ತುಂಬುವುದು ಆಗಸ್ಟಿನಲ್ಲಿ, ಒಂದು ಪಂದ್ಯವೂ ನಡೆಯುವ ಮೊದಲು ಪತ್ರಕರ್ತರು ಪ್ರಕಟಿಸುವ ಶ್ರೇಯಾಂಕ. ಒಂದೇ ಕಾನ್ಫರೆನ್ಸಿನ ಆರೇಳು ತಂಡಗಳು ಅಲ್ಲಿ ಮೇಲಿನಿಂದ ಶುರು ಮಾಡಿದರೆ, ಅವು ಪರಸ್ಪರ ಸೋತಾಗಲೂ ಶ್ರೇಯಾಂಕದ ತಂಡಕ್ಕೆ ಸೋತವೆಂದು ಸ್ವಲ್ಪವೇ ಇಳಿಯುತ್ತವೆ, ಗೆದ್ದಾಗ ಶ್ರೇಯಾಂಕದ ತಂಡವನ್ನು ಗೆದ್ದವೆಂದು ಏರುತ್ತವೆ. ಪ್ಲೇಆಫ್ ಸಮಿತಿಯ ಮೊದಲ ಪಟ್ಟಿ ಋತುವಿನ ಕೊನೆಯ ಭಾಗಕ್ಕೆ ಬರುತ್ತದಾದರೂ, ಅಷ್ಟರಲ್ಲಿ ಎದುರಾಳಿಯ ಬಲದ ಲೆಕ್ಕದೊಳಗೆ ಆ ಹಳೆಯ ಊಹೆ ಬೆರೆತುಹೋಗಿರುತ್ತದೆ.

ವೇಳಾಪಟ್ಟಿಯೂ ಎಲ್ಲರಿಗೂ ಒಂದೇ ಅಲ್ಲ. ಬಿಗ್ ಟೆನ್ ಎಂಬ ಕಾನ್ಫರೆನ್ಸಿನ ತಂಡಗಳು ತಮ್ಮೊಳಗೆ ಒಂಬತ್ತು ಪಂದ್ಯ ಆಡುತ್ತಿದ್ದಾಗ ಎಸ್‌ಇಸಿ ಎಂಟಕ್ಕೇ ನಿಂತಿತ್ತು. 2026ರಿಂದ ತಾನೂ ಒಂಬತ್ತು ಆಡುವುದಾಗಿ ಅದು ತೀರ್ಮಾನಿಸಿದ್ದು 2025ರಲ್ಲಷ್ಟೇ. ಒಂದು ಪಂದ್ಯ ಕಡಿಮೆಯೆಂದರೆ ಆ ಕಾನ್ಫರೆನ್ಸಿನ ಅರ್ಧದಷ್ಟು ತಂಡಗಳಿಗೆ ಬರಬೇಕಿದ್ದ ಒಂದು ಸೋಲು ತಪ್ಪಿದಂತೆ. 2024ರ ನವೆಂಬರಿನಲ್ಲಿ, ಎಲ್ಲರೂ ಏದುಸಿರು ಬಿಡುತ್ತಿದ್ದ ಹೊತ್ತಿನಲ್ಲಿ, ಅಲಬಾಮಾ ಕೆಳಗಿನ ದರ್ಜೆಯ ಮರ್ಸರ್ ತಂಡವನ್ನು ಕರೆಸಿಕೊಂಡು 52–7ರಿಂದ ಗೆದ್ದಿತು.

63–3ರ ಮಾತಿಗೂ ಒಂದು ತಿದ್ದುಪಡಿ ಬೇಕು, ಚಿತ್ರದುರ್ಗದ ಸ್ನೇಹಿತರೇ. ಆ ಪಂದ್ಯಕ್ಕೆ ಫ್ಲೋರಿಡಾ ಸ್ಟೇಟಿನ ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಇಳಿಯಲೇ ಇಲ್ಲ. ಪ್ಲೇಆಫಿಗೆ ಆರಿಸಿದ್ದರೆ ಅವರಲ್ಲಿ ಎಷ್ಟು ಜನ ಮನೆಯಲ್ಲಿ ಕೂರುತ್ತಿದ್ದರು? ಆಯ್ಕೆಯ ನಂತರದ ಅಂಕವನ್ನು ಆಯ್ಕೆಗೆ ಸಮರ್ಥನೆಯಾಗಿ ತರುವುದು ಸರಿಯಲ್ಲ.

ಉತ್ತರ 3 (ಚಳ್ಳಕೆರೆ)

ಸರ್ ಹೇಳಿದ್ದನ್ನು ಓದಿದಾಗ ನನಗೆ ನಮ್ಮ ರಣಜಿ ಟ್ರೋಫಿ ನೆನಪಾಯಿತು. ವಿನಯ್ ಕುಮಾರ್ ಅವರಂಥ ನಾಯಕನನ್ನು ಕರ್ನಾಟಕ ತಂಡಕ್ಕೆ ಕೊಟ್ಟ ಈ ಸೀಮೆಯವರಿಗೆ ಅದರ ಉದಾಹರಣೆ ಹೆಚ್ಚು ಹತ್ತಿರವಾದೀತು.

2018–19ರ ರಣಜಿಯಲ್ಲಿ ಹೊಸದಾಗಿ ಬಂದ ಈಶಾನ್ಯದ ರಾಜ್ಯಗಳು, ಬಿಹಾರ, ಉತ್ತರಾಖಂಡ ಮುಂತಾದವುಗಳಿಗೆ ಪ್ಲೇಟ್ ಗುಂಪು ಮಾಡಿ, ಅದರ ಮೊದಲ ಸ್ಥಾನಿಗೆ ಕ್ವಾರ್ಟರ್ ಫೈನಲಿನಲ್ಲಿ ಒಂದು ಸ್ಥಾನವನ್ನು ಮೊದಲೇ ಬರೆದಿಟ್ಟಿದ್ದರು. ಉತ್ತರಾಖಂಡ ಬಂತು, ವಿದರ್ಭದ ಎದುರು ಇನಿಂಗ್ಸ್ ಮತ್ತು 115 ರನ್ನುಗಳಿಂದ ಸೋತಿತು. 2021–22ರಲ್ಲಿ ಪ್ಲೇಟಿನಿಂದ ನಾಗಾಲ್ಯಾಂಡ್ ಪ್ರೀ ಕ್ವಾರ್ಟರ್ ಫೈನಲಿಗೆ ಬಂದಾಗ ಜಾರ್ಖಂಡ್ ಮೊದಲ ಇನಿಂಗ್ಸಿನಲ್ಲೇ 880 ರನ್ ಹೊಡೆದು, ಕೊನೆಗೆ ಒಟ್ಟು ಮುನ್ನಡೆಯನ್ನು ಸಾವಿರದಾಚೆಗೆ ಒಯ್ದಿತು. ಆ ಪಂದ್ಯವನ್ನು ನೋಡುವುದು ಕಷ್ಟವಾಗಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾಗಾಲ್ಯಾಂಡ್ ಅಲ್ಲಿಗೆ ಬಂದದ್ದು ಯಾರ ದಯೆಯಿಂದಲೂ ಅಲ್ಲ. ಗೆದ್ದರೆ ಜಾಗವಿದೆ ಎಂದು ಋತುವಿನ ಮೊದಲ ದಿನವೇ ಗೊತ್ತಿತ್ತು, ಗೆದ್ದರು, ಬಂದರು.

ಕಾಲೇಜ್ ಫುಟ್‌ಬಾಲಿನ ಚಿಕ್ಕ ಕಾನ್ಫರೆನ್ಸುಗಳಿಗೆ ಈ ಭರವಸೆ ದಶಕಗಳ ಕಾಲ ಇರಲಿಲ್ಲ. 2017ರಲ್ಲಿ ಅಂಥ ಚಿಕ್ಕ ಕಾನ್ಫರೆನ್ಸಿನ ಯುಸಿಎಫ್ ತಂಡ ಒಂದೂ ಪಂದ್ಯ ಸೋಲದಿದ್ದರೂ ಸಮಿತಿಯ ಅಂತಿಮ ಪಟ್ಟಿಯಲ್ಲಿ 12ನೆಯದಾಗಿತ್ತು. ಆ ವರ್ಷ ಫೈನಲ್ ಆಡಿದ್ದು ಎಸ್‌ಇಸಿಯವೇ ಆದ ಅಲಬಾಮಾ ಮತ್ತು ಜಾರ್ಜಿಯಾ. ಅವೆರಡನ್ನೂ ನವೆಂಬರಿನಲ್ಲಿ ಆಬರ್ನ್ ಸೋಲಿಸಿತ್ತು, ಆ ಆಬರ್ನನ್ನು ಯುಸಿಎಫ್ ಪೀಚ್ ಬೌಲ್‌ನಲ್ಲಿ 34–27ರಿಂದ ಸೋಲಿಸಿತು! 2021ರಲ್ಲಿ ಚಿಕ್ಕ ಕಾನ್ಫರೆನ್ಸಿನ ಸಿನ್ಸಿನಾಟಿಗೆ ಕೊನೆಗೂ ಪ್ಲೇಆಫಿನ ಬಾಗಿಲು ತೆರೆಯಿತು. ಅಲಬಾಮಾದ ಎದುರು 27–6ರಿಂದ ಸೋತದ್ದು ನಿಜ, ಆದರೆ ಅಂಗಳದಲ್ಲಿ ನಿಂತು ಸೋತರು.

2024ರಿಂದ 12 ತಂಡಗಳ ಪ್ಲೇಆಫ್ ಬಂದು, ಅತ್ಯುತ್ತಮ ಶ್ರೇಯಾಂಕದ ಐದು ಕಾನ್ಫರೆನ್ಸ್ ಚಾಂಪಿಯನ್ನರಿಗೆ ಸ್ಥಾನ ಖಚಿತವಾಯಿತು. ನನ್ನ ದೃಷ್ಟಿಯಲ್ಲಿ ತಂಡಗಳ ಸಂಖ್ಯೆ ಹೆಚ್ಚಾದದ್ದಕ್ಕಿಂತ ಆ ಐದು ಸ್ಥಾನಗಳೇ ದೊಡ್ಡ ಸುಧಾರಣೆ. ಉಳಿದ ಏಳಕ್ಕೆ ಜಗಳ ಇದ್ದೇ ಇರುತ್ತದೆ. ಆ ಮೊದಲ ವರ್ಷವೇ ಮೂರು ಪಂದ್ಯ ಸೋತ ಅಲಬಾಮಾವನ್ನು ಬಿಟ್ಟು, ಎಸಿಸಿ ಫೈನಲಿನಲ್ಲಿ ಕ್ಲೆಮ್ಸನ್‌ಗೆ ಮೂರೇ ಅಂಕಗಳಿಂದ ಸೋತ ಎಸ್‌ಎಂಯುವನ್ನು ಸಮಿತಿ ತೆಗೆದುಕೊಂಡಿತು. ಎಸ್‌ಇಸಿ ಕೇಳಿದ್ದೆಲ್ಲ ಸಿಗುತ್ತದೆ ಎಂದು ಹೇಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪ್ರಶ್ನೆ ಕೇಳಿದವರಿಂದ (ವಿದ್ಯಾನಗರ, ದಾವಣಗೆರೆ)

ಮೂವರಿಗೂ ವಂದನೆಗಳು. ಗಾಯದ ನಿಯಮ ಬರಹದಲ್ಲಿತ್ತೆಂಬುದು ನನಗೆ ತಿಳಿದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಅದೇ ನಿಯಮವನ್ನು ಹಿಡಿದು ಒಂದು ಮಾತು ಕೇಳುತ್ತೇನೆ. 2014ರಲ್ಲಿ, ಪ್ಲೇಆಫಿನ ಮೊದಲ ವರ್ಷ, ಓಹಾಯೋ ಸ್ಟೇಟಿನ ಇಬ್ಬರು ಕ್ವಾರ್ಟರ್‌ಬ್ಯಾಕುಗಳು ಗಾಯಗೊಂಡು ಮೂರನೆಯವರಾದ ಕಾರ್ಡೇಲ್ ಜೋನ್ಸ್ ಆಡುತ್ತಿದ್ದರು. ಆಗ ಸಮಿತಿ ಅವರನ್ನು ಹೊರಗಿಡಲಿಲ್ಲ, ಮೂರನೆಯ ಸ್ಥಾನದಲ್ಲಿದ್ದು ಕೊನೆಯ ಪಂದ್ಯವನ್ನು 55–3ರಿಂದ ಗೆದ್ದ ಟಿಸಿಯುವನ್ನು ಆರಕ್ಕೆ ಇಳಿಸಿ, ಓಹಾಯೋ ಸ್ಟೇಟಿಗೆ ನಾಲ್ಕನೆಯ ಸ್ಥಾನ ಕೊಟ್ಟಿತು. ಆ ಮೂರನೆಯ ಹುಡುಗನೇ ಅಲಬಾಮಾವನ್ನೂ ಒರೆಗಾನನ್ನೂ ಸೋಲಿಸಿ ಪ್ರಶಸ್ತಿ ತಂದುಕೊಟ್ಟ. ಮೀಸಲು ಆಟಗಾರ ಏನು ಮಾಡಬಲ್ಲನೆಂಬುದನ್ನು ಸಮಿತಿ ತನ್ನ ಮೊದಲ ವರ್ಷವೇ ಕಂಡಿತ್ತು. ಹಾಗಿದ್ದ ಮೇಲೆ 2023ರಲ್ಲಿ ಅವನು ಏನು ಮಾಡಲಾರನೆಂದು ಮೊದಲೇ ತೀರ್ಮಾನಿಸಿದ್ದು ಯಾವ ಆಧಾರದ ಮೇಲೆ?

ಸರ್, ನೀವು ಹೇಳಿದ ಆಗಸ್ಟಿನ ಮಾತು 2025ರಲ್ಲಿ ನನ್ನ ಕಣ್ಣಿಗೇ ಬಿತ್ತು. ನೋಟರ್ ಡೇಮ್ ಮತ್ತು ಮಯಾಮಿ ಎರಡೂ ಎರಡೆರಡು ಪಂದ್ಯ ಸೋತಿದ್ದವು. ಋತುವಿನ ಮೊದಲ ವಾರದಲ್ಲಿ ಮಯಾಮಿ ನೋಟರ್ ಡೇಮನ್ನು 27–24ರಿಂದ ಸೋಲಿಸಿತ್ತು. ಆದರೂ ವಾರಗಟ್ಟಲೆ ನೋಟರ್ ಡೇಮ್ ಮೇಲಿತ್ತು, ಇಬ್ಬರೂ ಆಡದ ಕೊನೆಯ ಶನಿವಾರ ಕಳೆದ ಮೇಲೆ ಮಯಾಮಿ ಮೇಲೆ ಬಂತು. ತೀರ್ಪು ಸರಿಯೇ ಇತ್ತು. ಮಯಾಮಿ ಫೈನಲಿನವರೆಗೂ ಹೋಯಿತು. ಆದರೆ ಆಗಸ್ಟಿನಲ್ಲಿ ನಡೆದ ಪಂದ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಡಿಸೆಂಬರಿನವರೆಗೆ ಕಾಯಬೇಕಿತ್ತೇ?

ಉತ್ತರ 1ರವರಿಂದ ಮತ್ತೆ (ಚಿತ್ರದುರ್ಗ)

63–3ರ ಬಗ್ಗೆ ಸರ್ ಹೇಳಿದ್ದು ನ್ಯಾಯವಾಗಿದೆ, ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಕಾರ್ಡೇಲ್ ಜೋನ್ಸ್ ಉದಾಹರಣೆಗೆ ಮಾತ್ರ ನನ್ನ ಬಳಿ ಉತ್ತರವಿದೆ. ಅವರು ಮೊದಲ ಸಲ ಆರಂಭಿಕರಾಗಿ ಆಡಿದ ಕಾನ್ಫರೆನ್ಸ್ ಫೈನಲಿನಲ್ಲಿ ಓಹಾಯೋ ಸ್ಟೇಟ್ ವಿಸ್ಕಾನ್ಸಿನ್ ತಂಡವನ್ನು 59–0ರಿಂದ ಸೋಲಿಸಿತ್ತು. ಫ್ಲೋರಿಡಾ ಸ್ಟೇಟ್ ತನ್ನ ಮೂರನೆಯ ಕ್ವಾರ್ಟರ್‌ಬ್ಯಾಕ್ ಜೊತೆ ಆಡಿದ ಫೈನಲಿನಲ್ಲಿ ಗಳಿಸಿದ್ದು 16 ಅಂಕ. ಸಮಿತಿ ಎರಡೂ ವರ್ಷ ನೋಡಿದ್ದು ಆ ಒಂದು ಪಂದ್ಯವನ್ನೇ ಎಂದು ನಾನು ನಂಬುತ್ತೇನೆ.

ಆದರೆ ಲೂಯಿವಿಲ್‌ನಂಥ ತಂಡವನ್ನು ಆರೇ ಅಂಕಕ್ಕೆ ಕಟ್ಟಿಹಾಕಿದ ರಕ್ಷಣಾ ಪಡೆಗೆ ಅದೇ ಕೋಣೆಯಲ್ಲಿ ಎಷ್ಟು ಬೆಲೆ ಸಿಕ್ಕಿತು ಎಂದು ನೀವು ಕೇಳಿದರೆ, ಅದಕ್ಕೆ ನನ್ನ ಬಳಿ ಉತ್ತರವಿಲ್ಲ.