ಫ್ರಿಜ್ ಮುಟ್ಟಿದರೆ ಜುಮ್ಮೆನ್ನುತ್ತೆ: ತಪ್ಪು ಫ್ರಿಜ್‌ದೋ, ಅರ್ಥಿಂಗ್‌ದೋ?

ಪ್ರಶ್ನೆ:
ಬರಿಗಾಲಲ್ಲಿ ನಿಂತು ಫ್ರಿಜ್ ಬಾಗಿಲು ಮುಟ್ಟಿದರೆ ಜುಮ್ಮೆನ್ನುತ್ತೆ, ನೆಲ ಒದ್ದೆಯಿದ್ದರೆ ಇನ್ನೂ ಜಾಸ್ತಿ. ವಾಷಿಂಗ್ ಮೆಷಿನ್‌ದೂ ಅದೇ ಕತೆ. ಸಾಕೆಟ್‌ನಲ್ಲಿ ಮಲ್ಟಿಮೀಟರ್ ಇಟ್ಟಾಗ ಫೇಸ್–ನ್ಯೂಟ್ರಲ್ 232 ವೋಲ್ಟ್, ಫೇಸ್–ಅರ್ಥ್ 118, ನ್ಯೂಟ್ರಲ್–ಅರ್ಥ್ 112. ಸಾಕೆಟ್ ಒಳಗೆ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸಿಬಿಟ್ಟರೆ ನಿಲ್ಲುತ್ತೆ ಅಂತಾರೆ ಎಲೆಕ್ಟ್ರಿಷಿಯನ್. ಮಾಡಿಸಬಹುದಾ?

ಉತ್ತರ 1:
ದಯವಿಟ್ಟು ಮಾಡಿಸಬೇಡಿ. ಜುಮ್ಮೆನ್ನುವುದು ನಿಲ್ಲುತ್ತೆ, ನಿಜ. ಆದರೆ ಮುಂದೆ ಎಲ್ಲಾದರೂ ನ್ಯೂಟ್ರಲ್ ಕಡಿದರೆ ಪೂರ್ತಿ 230 ವೋಲ್ಟ್ ಫ್ರಿಜ್ ಬಾಡಿಗೇ ಬರುತ್ತೆ. ಜೀವ ಹೋಗುವ ಕೆಲಸ ಅದು.

ನಿಮ್ಮ ರೀಡಿಂಗೇ ಕಾರಣ ಹೇಳ್ತಿದೆ. ಅರ್ಥ್ ಸರಿಯಿದ್ದಿದ್ದರೆ ಫೇಸ್–ಅರ್ಥ್ ಕೂಡ 230ರ ಹತ್ತಿರ ಇರಬೇಕಿತ್ತು, ನ್ಯೂಟ್ರಲ್–ಅರ್ಥ್ 2–3 ವೋಲ್ಟ್ ದಾಟಬಾರದಿತ್ತು. ಸರಿಯಾಗಿ ಅರ್ಧರ್ಧ ಬಂದಿದೆ ಅಂದರೆ ಅರ್ಥ್ ವೈರ್ ಎಲ್ಲೋ ಕಡಿದು, ನೆಲಕ್ಕೆ ಸೇರದೆ ತೇಲ್ತಿದೆ. ಎಲೆಕ್ಟ್ರಾನಿಕ್ ಬೋರ್ಡ್ ಇರುವ ಮೆಷಿನ್‌ಗಳಲ್ಲಿ ಫೇಸ್‌ನಿಂದ ಬಾಡಿಗೆ ಒಂದು, ನ್ಯೂಟ್ರಲ್‌ನಿಂದ ಬಾಡಿಗೆ ಒಂದು ಪುಟ್ಟ ಫಿಲ್ಟರ್ ಕೆಪಾಸಿಟರ್ ಇರುತ್ತೆ. ಅರ್ಥ್ ಇಲ್ಲದಾಗ ಅವೆರಡೂ ಸೇರಿ ಬಾಡಿಯನ್ನು ನಡುವೆ, 115ರ ಆಸುಪಾಸಿನಲ್ಲಿ ನಿಲ್ಲಿಸುತ್ತವೆ. ಎರಡೂ ಮೆಷಿನ್‌ಗಳನ್ನು ಒಂದೇ ಅರ್ಥ್ ವೈರ್‌ಗೆ ಕಟ್ಟಿರುವುದರಿಂದ ಒಂದರ ಸೋರಿಕೆ ಇನ್ನೊಂದರ ಬಾಡಿಯಲ್ಲೂ ಕಾಣುತ್ತೆ.

ನಿಜವಾದ ಫಾಲ್ಟೂ ಇದೆಯಾ ಅಂತ ನೋಡಲು, ಒಂದು ಸಲಕ್ಕೆ ಒಂದೇ ಮೆಷಿನ್ನಿನ ಪ್ಲಗ್ ಹಾಕಿ, ಬಾಡಿ ಮತ್ತು ನ್ಯೂಟ್ರಲ್ ನಡುವೆ 15 ವಾಟ್‌ನ ಫಿಲಮೆಂಟ್ ಬಲ್ಬ್ ಹಿಡಿಸಿ (ಎಲ್‌ಇಡಿ ಬೇಡ, ಅದು ಸಣ್ಣ ಸೋರಿಕೆಗೂ ಮಿನುಗುತ್ತೆ). ಬರೀ ಕೆಪಾಸಿಟರ್ ಸೋರಿಕೆಯಾದರೆ ಬಲ್ಬ್ ಹತ್ತಲ್ಲ, ವೋಲ್ಟೇಜ್ ಕುಸಿಯುತ್ತೆ. ಹತ್ತಿದರೆ ವೈರಿಂಗ್ ಅಥವಾ ಮೋಟಾರ್ ಬಾಡಿಗೆ ತಾಗಿದೆ, ಆ ಮೆಷಿನ್ನಿನ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಉತ್ತರ 2:
ಅರ್ಥ್ ಎಲ್ಲಿ ಕಡಿದಿದೆ ಅಂತ ಹುಡುಕುವುದನ್ನು ಅರ್ಥ್ ಗುಂಡಿಯಿಂದ ಶುರು ಮಾಡಿ. ಅಲ್ಲಿ ನೆಲದಲ್ಲಿ ಹೂತಿರುವ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್‌ನ ಕ್ಲ್ಯಾಂಪ್ ಬೋಲ್ಟ್ ತುಕ್ಕು ಹಿಡಿದು, ವೈರ್ ಕೈಗೆ ಬರುವಷ್ಟು ಸಡಿಲವಾಗಿರುವುದೇ ಹೆಚ್ಚು. ಆಮೇಲೆ ಮೇನ್ ಆಫ್ ಮಾಡಿ, ಬೋರ್ಡಿನ ಅರ್ಥ್ ಪಟ್ಟಿಯಿಂದ ಪ್ರತಿ ಸಾಕೆಟ್‌ವರೆಗೆ ಓಮ್ ನೋಡಿ. 1 ಓಮ್‌ಗಿಂತ ಕಡಿಮೆ ಬರಬೇಕು.

ಕೊನೆಗೆ ಫೇಸ್–ಅರ್ಥ್ ನಡುವೆ 100 ವಾಟ್ ಬಲ್ಬ್. ನ್ಯೂಟ್ರಲ್‌ಗೆ ಕೊಟ್ಟಾಗಿನಷ್ಟೇ ಬೆಳಕು ಬಂದರೆ ಗುಂಡಿ ಒಂದು ಮಟ್ಟಿಗೆ ಪರವಾಗಿಲ್ಲ, ಮಂಕಾದರೆ ಒಣಗಿರಬಹುದು. ಇದಕ್ಕೆ ಮುಂಚೆ ಎಲ್ಲ ಮೆಷಿನ್‌ಗಳ ಪ್ಲಗ್ ಕಿತ್ತಿರಲೇಬೇಕು. ಅರ್ಥ್ ಕಡಿದಿದ್ದರೆ ಬಲ್ಬ್ ಮೂಲಕ ಫೇಸ್ ಎಲ್ಲ ಬಾಡಿಗಳಿಗೂ ಹೋಗುತ್ತೆ! ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದ್ದರೆ ಬಲ್ಬ್ ಹಚ್ಚಿದ ಕೂಡಲೇ ಬೀಳುತ್ತೆ. ಅರ್ಥ್‌ಗೆ ದಾರಿ ಇದೆ ಅನ್ನುವುದಂತೂ ಖಾತ್ರಿ.

ಗುಂಡಿ ಒಣಗಿದ್ದರೆ ಪೈಪ್ ಬಾಯಿಗೆ ಎರಡು ಬಿಂದಿಗೆ ನೀರು ಹುಯ್ದು ಮಾರನೇ ದಿನ ಮತ್ತೆ ನೋಡಿ. ಆಗಲೂ ಮಂಕಾಗಿದ್ದರೆ ಇದ್ದಿಲು–ಉಪ್ಪು ಹಾಕಿ ಹೊಸದಾಗಿ 2.5 ಮೀಟರ್ ಪೈಪ್ ಇಳಿಸಬೇಕು.

ಉತ್ತರ 3:
30 ಮಿಲಿಆಂಪ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಅದರ ಟೆಸ್ಟ್ ಬಟನ್ ಒತ್ತಿದಾಗ ಬಿತ್ತು ಅಂತ ಅರ್ಥಿಂಗ್ ಸರಿಯಿದೆ ಅಂದುಕೊಳ್ಳಬೇಡಿ, ಆ ಬಟನ್ ಅರ್ಥ್ ವೈರನ್ನು ಮುಟ್ಟುವುದೇ ಇಲ್ಲ. ಗೀಸರ್ ಇದ್ದರೆ ಅದರ ಕಾಯಿಲನ್ನೂ 500 ವೋಲ್ಟ್ ಮೆಗ್ಗರ್‌ನಿಂದ (ಇನ್ಸುಲೇಷನ್ ಅಳೆಯುವ ಮೀಟರ್) ನೋಡಿಸಿ. 1 ಮೆಗಾಓಮ್‌ಗಿಂತ ಕೆಳಗಿದ್ದರೆ ಕಾಯಿಲ್ ಬದಲಿಸಿ. ಅಲ್ಲಿಯವರೆಗೆ ಗೀಸರ್ ಹಾಕಬೇಡಿ.