ಬಾವಿ ಪಕ್ಕದ ಕಾಸರಕನ ಮರದಲ್ಲಿ ಮೂರು ಆಣಿ: ಎಂತ ಮಾಡುವುದು? ಅನುಭವ ಇದ್ದವರು ಹೇಳಿ

ಬದಿಯಡ್ಕ_ಹೊಸಮನೆ:
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ಒಂದು ಹಳೆ ಹೆಂಚಿನ ಮನೆ ತೆಗೆದುಕೊಂಡೆವು. ಬಾವಿ ಪಕ್ಕ ದೊಡ್ಡ ಕಾಸರಕನ ಮರ ಉಂಟು, ವಿಷದ ಮರ. ಹಣ್ಣು ಬಿದ್ದದ್ದನ್ನು ಮಕ್ಕಳು ಬಾಯಿಗೆ ಹಾಕಿದರೆ ಅಂತ ಹೆದರಿ ಕಡಿಸಲು ಹೊರಟರೆ ಕೆಲಸದವರು ಕತ್ತಿ ಕೆಳಗಿಟ್ಟರು. ಎದೆಮಟ್ಟದಲ್ಲಿ ಮೂರು ಕಬ್ಬಿಣದ ಆಣಿ. ತೊಗಟೆ ಸುತ್ತಲೂ ಬೆಳೆದು ಆಣಿಯನ್ನು ನುಂಗಿದೆ, ತುಕ್ಕು ಹಿಡಿದ ತಲೆ ಮಾತ್ರ ಕಾಣುತ್ತದೆ. ಏನನ್ನೋ ಬಂಧಿಸಿಟ್ಟಿದ್ದಾರೆ, ಮುಟ್ಟಬೇಡಿ ಎಂದರು. ಅತ್ತೆಯ ಒತ್ತಾಯಕ್ಕೆ ಒಬ್ಬ ಮಂತ್ರವಾದಿಯನ್ನು ಕರೆಸಿದೆವು. ಒಟ್ಟು 38,000 ಹೇಳಿದ್ದಾರೆ. ಆಮೇಲೆ ಬಾಗಿಲ ಬಲಕ್ಕೆ ಬಿಳಿ ಎಕ್ಕ, ಹಿಂದೆ ಈಶ್ವರಬಳ್ಳಿ, ಗೇಟಿನ ಹತ್ತಿರ ಲಕ್ಕಿ ನೆಡಬೇಕಂತೆ, ಗಿಡವನ್ನೂ ಅವರೇ ತರುತ್ತಾರಂತೆ. ನಮ್ಮವರಿಗೆ ನಂಬಿಕೆ ಇಲ್ಲ, ಅತ್ತೆಗೆ ಜಾಸ್ತಿ. ನಾನು ನಡುವೆ ಸಿಕ್ಕಿಬಿದ್ದಿದ್ದೇನೆ. ಈ ಗಿಡಗಳಿಂದ ನಿಜವಾಗಿ ಪ್ರಯೋಜನ ಆದವರು ಇದ್ದೀರಾ?

ಪೆರ್ಲದವ:
ಅಕ್ಕ, ಬಿಳಿ ಎಕ್ಕ ಅಂತ ಓದಿದ ಕೂಡಲೇ ನನ್ನ ಹೊಟ್ಟೆ ಉರಿಯಿತು. 2019ರಲ್ಲಿ ಅಂಗಡಿ ಹಾಕಿದ್ದೆ. ಆರು ತಿಂಗಳು ವ್ಯಾಪಾರವೇ ಇಲ್ಲ. ಕಣ್ಣು ಬಿದ್ದಿದೆ, ರವಿಪುಷ್ಯದ ದಿನ, ಅಂದರೆ ಪುಷ್ಯ ನಕ್ಷತ್ರ ಬರುವ ಆದಿತ್ಯವಾರ, ತೆಗೆದ ಬಿಳಿ ಎಕ್ಕದ ಬೇರಿನ ಗಣಪತಿ ಇಡಬೇಕು ಎಂದರು. ಬೇರಿಗೆ 11,000, ಪೂಜೆಗೆ 6,500, ಸುತ್ತಲು ಕೆಂಪು ಪಟ್ಟೆ ಬಟ್ಟೆ 450, ದಕ್ಷಿಣೆ 2,001, ಅವರ ಕಾರಿನ ಬಾಡಿಗೆ 1,800. ಒಟ್ಟು 21,751. ಚೀಟಿ ಈಗಲೂ ನನ್ನ ಮೇಜಿನ ಡ್ರಾಯರ್‌ನಲ್ಲಿ ಉಂಟು. ಒಂದು ಮಳೆಗಾಲ ಕಳೆಯಿತು ನೋಡಿ, ಗಣಪತಿ ಹೊಟ್ಟೆಯ ಹತ್ತಿರ ಸೀಳಿತು. ಒಳಗೆ ಅಂಟಿನ ಗೆರೆ! ಎರಡು ತುಂಡು ಅಂಟಿಸಿ ಕೆತ್ತಿದ್ದು. ಗುರ್ತದ ಆಚಾರಿಗೆ ತೋರಿಸಿದೆ. ಉಗುರಿನಲ್ಲಿ ಒತ್ತಿ ನೋಡಿ, ಇದು ಬೇರೇ ಅಲ್ಲ, ಹಾಲೆ ಮರ ಇರಬೇಕು, ಇಷ್ಟು ಹಗುರ ಎಂದರು. ಹಿಂದೆ ಶಾಲೆಯ ಹಲಗೆ ಮಾಡುತ್ತಿದ್ದ ಮರ.

ಆಮೇಲೆ ನಾನೇ ಗಿಡ ನೆಡುತ್ತೇನೆ ಅಂತ ಒಂದು ನರ್ಸರಿಯಿಂದ 250 ಕೊಟ್ಟು ತಂದೆ. ಒಂದೂವರೆ ವರ್ಷ ನೀರು ಹಾಕಿದೆ. ಹೂ ಬಿಟ್ಟಾಗ ನೇರಳೆ! ಅವತ್ತು ನನಗೆ ಅಳುವೇ ಬಂತು. ಕೊನೆಗೆ ಒಂದು ದೇವಸ್ಥಾನದ ಹಿಂದಿನಿಂದ ಕೇಳಿ ತಂದ ಗೆಲ್ಲು ಈಗ ಆಳೆತ್ತರ ಆಗಿದೆ, ಅಪ್ಪಟ ಬಿಳಿ. ವ್ಯಾಪಾರವೂ ಸುಧಾರಿಸಿದೆ, ಗಿಡದಿಂದಲೇ ಅಂತ ನಾನು ನಂಬುತ್ತೇನೆ. ಆದರೆ ಚೌತಿಗೆ ಹಾರ ಕಟ್ಟಲು ಮೊಗ್ಗು ಕೀಳುವಾಗ ಹೆಂಡತಿಯ ಕಣ್ಣಿಗೆ ಹಾಲು ಸಿಡಿಯಿತು. ನೋವು ಹೆಚ್ಚಿಲ್ಲ ಅಂತ ಬಿಟ್ಟೆವು. ಸಂಜೆಗೆ ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಎಂದಳು, ರಾತ್ರಿಗೆ ಎಲ್ಲ ಮಂಜು. ಕಣ್ಣಿನ ಡಾಕ್ಟರ್ ಬೈದರು. 12 ದಿನ ಕಣ್ಣಿಗೆ ಔಷಧಿ ಹಾಕಿದ ಮೇಲೆ ಸರಿಯಾಯಿತು. ದೇವರು ದೊಡ್ಡವನು.

ಕುಂಬಳೆ_ಟೀಚರ್:
ನಾನು ಯಾರನ್ನೂ ಕರೆಸಲಿಲ್ಲ, ಯಾರಿಗೂ ಒಂದು ಪೈಸೆ ಕೊಡಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಅಜ್ಜಿ ನೆಟ್ಟ ಲಕ್ಕಿ, ತುಂಬೆ, ಉತ್ತರಣೆ, ತುಳಸಿ ಎಲ್ಲ ನಮ್ಮಲ್ಲಿ ಉಂಟು. ಸಂಜೆ ಕೆಂಡಕ್ಕೆ ಲಕ್ಕಿ ಸೊಪ್ಪು ಹಾಕಿ ಮನೆಯೆಲ್ಲ ಹೊಗೆ ತೋರಿಸುತ್ತಿದ್ದರು, ಪೀಡೆ ಹೋಗುತ್ತದೆ ಅಂತ. ಸೊಳ್ಳೆ ಹೋಗುತ್ತಿತ್ತು, ಅದು ನನಗೆ ಸಾಕು. ಈಶ್ವರಬಳ್ಳಿಯನ್ನು ಹಾವು ಬರಬಾರದು ಅಂತ ಹಾಕಿದ್ದು. ಹಾವು ಬರುತ್ತದೆ, ಹೋಗುತ್ತದೆ. ಆದರೆ ಮಳೆ ಬಿಟ್ಟ ಮೇಲೆ ಆ ಬಳ್ಳಿಗೆ ಅಂಗೈಗಿಂತ ದೊಡ್ಡ ಚಿಟ್ಟೆ ಬರುತ್ತದೆ, ಕಪ್ಪು ರೆಕ್ಕೆ, ಹಿಂದೆ ಅರಿಶಿನ ಬಣ್ಣ. ಕರ್ನಾಟಕದವರು ರಾಜ್ಯದ ಚಿಟ್ಟೆ ಅಂತ ಮಾಡಿಕೊಂಡದ್ದು ಅದನ್ನೇ. ಈಶ್ವರಬಳ್ಳಿ ಮತ್ತು ಅದರ ಜಾತಿಯ ಗಿಡ, ಬಳ್ಳಿಗಳಲ್ಲೇ ಅದು ಮೊಟ್ಟೆ ಇಡುವುದು.

ನನ್ನ ಸಿಟ್ಟು ಬೇರೆ ವಿಷಯಕ್ಕೆ. ನನ್ನ ತಂಗಿಯ ಮನೆಗೆ ಬಂದ ಒಬ್ಬ ಕುರುದಿ, ಅಂದರೆ ದೋಷ ತೆಗೆಯಲು ಕೆಂಪು ನೀರಿನ ಪೂಜೆ, ಮಾಡುತ್ತೇನೆ ಅಂತ ಹರಿವಾಣದಲ್ಲಿ ನೀರು ಇಟ್ಟು, ನೋಡಿ ರಕ್ತ ಬಂತು, ಇಷ್ಟು ದೋಷ ಉಂಟು ಎಂದ. ಅವಳು 8 ಗ್ರಾಮಿನ ಉಂಗುರ ಅಡವಿಟ್ಟು ಕೊಟ್ಟಳು. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಇದನ್ನು ಎಷ್ಟೋ ವರ್ಷ ಶಾಲೆಯಲ್ಲಿ ಮಕ್ಕಳಿಗೆ ಮಾಡಿ ತೋರಿಸಿದವಳು ನಾನು, ನನ್ನ ತಂಗಿಗೇ ಹೇಳಲಿಲ್ಲ. ಆ ಉಂಗುರ ಇನ್ನೂ ಬಿಡಿಸಿಕೊಂಡಿಲ್ಲ.

ಅಡೂರು_ವೈದ್ಯರಮನೆ:
ಟೀಚರೇ, ಯಾರೋ ಒಬ್ಬ ಕಳ್ಳ ಮಾಡಿದ್ದಕ್ಕೆ ಕುರುದಿಯನ್ನೇ ಯಾಕೆ ಎಳೆಯುತ್ತೀರಿ? ಸುಣ್ಣ ಹಾಕುವುದು ಗುಟ್ಟಲ್ಲ. ನಮ್ಮ ತರವಾಡಿನಲ್ಲಿ, ಕುಟುಂಬದ ಮೂಲಮನೆಯಲ್ಲಿ, ಎಲ್ಲರ ಎದುರೇ ಕಲಸುತ್ತೇವೆ. ದೈವಕ್ಕೆ ರಕ್ತದ ಬದಲು ಅರಿಶಿನ, ಸುಣ್ಣ ಕೊಡುವುದು, ಅಷ್ಟೇ. ರಕ್ತ ತಾನಾಗಿ ಬಂತು ಅಂತ ಹಿರಿಯರು ಯಾವತ್ತೂ ಹೇಳಿಲ್ಲ.

ಗಿಡದ ವಿಷಯಕ್ಕೆ ಬರುತ್ತೇನೆ. ಗಿಡಕ್ಕೆ ಜೀವ ಉಂಟು. ಕೀಳುವ ಮೊದಲ ದಿನ ಸಂಜೆ ಬುಡಕ್ಕೆ ಅಕ್ಕಿ, ಅರಿಶಿನ ಇಟ್ಟು, ನಾಳೆ ಇಂಥವರಿಗಾಗಿ ಬರುತ್ತೇನೆ ಅಂತ ಕೇಳಿಕೊಳ್ಳಬೇಕು. ಕಬ್ಬಿಣ ತಾಗಿಸಬಾರದು. ಕೇಳದೆ ತಂದದ್ದು ಬರೀ ಕಟ್ಟಿಗೆ. ನಮ್ಮ ಅಪ್ಪ ಇದನ್ನು ಕೊನೆಯವರೆಗೂ ಬಿಡಲಿಲ್ಲ.

ಒಂದು ಆಟಿ ಅಮಾವಾಸ್ಯೆಯ ಕತೆ ಹೇಳಬೇಕು. ಬೆಳಕು ಹರಿಯುವ ಮೊದಲೇ ಹೋಗಿ ಹಾಲೆ ಮರದ ಕೆತ್ತೆಯನ್ನು (ತೊಗಟೆ) ಕಲ್ಲಿನಲ್ಲಿ ಜಜ್ಜಿ ತಂದು, ಅರೆದು ರಸ ಕುಡಿಯುವುದು ಗೊತ್ತಲ್ಲ. ಆ ವರ್ಷ ಜೋರು ಮಳೆ, ಟಾರ್ಚಿಗೂ ನೀರು ಹೋಗಿತ್ತು. ನಮ್ಮ ಕೆಳಗಿನ ಮನೆಯ ಹುಡುಗ ಎರಡು ಮನೆಗೆ ಬೇಕಾದಷ್ಟು ಕೆತ್ತೆ ತಂದ. ನಮ್ಮ ಅಮ್ಮ ಅರೆಯಲು ಕೂತಿದ್ದರು. ಅಪ್ಪ ಒಂದು ತುಂಡು ಎತ್ತಿ ದೀಪದ ಹತ್ತಿರ ಹಿಡಿದು, ಇದರ ಹಾಲೆಲ್ಲಿ ಎಂದರು. ಹಾಲೆ ಅಂದ ಮೇಲೆ ಜಜ್ಜಿದಲ್ಲಿ ಬಿಳಿ ಹಾಲು ಬರಬೇಕು, ಒಂದೇ ಗಂಟಿನಲ್ಲಿ ಸುತ್ತಲೂ ಆರೇಳು ಎಲೆ ಇರಬೇಕು. ಕಾಸರಕಕ್ಕೆ ಹಾಲಿಲ್ಲ, ಎಲೆ ಜೋಡಿ ಜೋಡಿ, ಹೊಳೆಯುತ್ತದೆ. ಹುಡುಗ ಕತ್ತಲಲ್ಲಿ ಪಕ್ಕದ ಕಾಸರಕನ ಮರಕ್ಕೆ ಕೈ ಹಾಕಿದ್ದ. ಅಪ್ಪ ಒದ್ದೆ ಪಂಚೆಯಲ್ಲೇ ಕೆಳಗಿನ ಮನೆಗೆ ಓಡಿದರು. ಅಷ್ಟರಲ್ಲಿ ಹುಡುಗನ ತಂದೆ ಮುಕ್ಕಾಲು ಲೋಟ ಕುಡಿದಾಗಿತ್ತು. ದವಡೆ ಕಚ್ಚಿ ಹೋಯಿತು, ಬೆನ್ನು ಬಿಲ್ಲಿನ ಹಾಗೆ ಬಾಗಿತು. ಯಾರಾದರೂ ಬಾಗಿಲು ಹಾಕಿದ ಸದ್ದಿಗೂ ಮೈಯೆಲ್ಲ ಸೆಟೆದುಕೊಳ್ಳುತ್ತಿತ್ತು. ಪೂರ್ತಿ ಪ್ರಜ್ಞೆ ಇತ್ತು ಪಾಪ, ಕಣ್ಣಲ್ಲಿ ನೀರು. ಮಂಗಳೂರಿನಲ್ಲಿ 6 ದಿನ, 1,40,000 ಖರ್ಚು. ಬದುಕಿದರು. ನಮ್ಮ ಮನೆಯ ಏಳು ಜನ ಉಳಿದದ್ದು ಅಪ್ಪನಿಂದ.

ಕುಂಬಳೆ_ಟೀಚರ್:
ನಿಮ್ಮ ತಂದೆಯವರಿಗೆ ಕೈ ಮುಗಿಯುತ್ತೇನೆ. ಆದರೆ ಅಲ್ಲಿ ಉಳಿಸಿದ್ದು ಹಾಲು ನೋಡುವ ಕಣ್ಣು, ಅಕ್ಕಿ ಅರಿಶಿನ ಅಲ್ಲ.

ಅಡೂರು_ವೈದ್ಯರಮನೆ:
ಹಿಂದಿನ ದಿನ ಹೋಗಿ ಅಕ್ಕಿ ಇಟ್ಟವನು ಹಗಲಿನಲ್ಲಿ ಮರ ನೋಡಿರುತ್ತಾನೆ. ಆ ಹುಡುಗ ಇಡಲಿಲ್ಲ. ಕ್ರಮ ಯಾಕೆ ಮಾಡಿದ್ದು ಅಂತ ಈಗಲಾದರೂ ಗೊತ್ತಾಯಿತಾ? ಎಲ್ಲ ಗೊತ್ತು ಅಂತ ಮಾತಾಡಬೇಡಿ.

ಮುಳ್ಳೇರಿಯ_ಸಿಸ್ಟರ್:
ಗಲಾಟೆ ಸಾಕು, ನನ್ನದನ್ನು ಒಮ್ಮೆ ಓದಿ. ನನ್ನ ತಮ್ಮನಿಗೆ ದುಬಾಯಿಗೆ ವೀಸಾ ಬಂದಿತ್ತು. ಹೊರಡುವ ಮೊದಲು ಹೊಟ್ಟೆ ಸರಿ ಇರಲಿಲ್ಲ. ಯಾರೋ ಕೈವಿಷ ಹಾಕಿದ್ದಾರೆ, ಅಂದರೆ ಊಟದಲ್ಲಿ ಮಾಟದ ಮದ್ದು ಬೆರೆಸಿ ಕೊಟ್ಟಿದ್ದಾರೆ, ತೆಗೆಸಿ ಕಳಿಸಿ ಎಂದರು. 9,000 ಕೊಟ್ಟು ಒಬ್ಬರ ಹತ್ತಿರ ಕರೆದುಕೊಂಡು ಹೋದರು. ವಾಂತಿಗೆ ಒಂದು ಮದ್ದು, ರಾತ್ರಿಗೆ ಒಂದು ಪುಡಿ. ಪುಡಿ ತಿಂದ ಒಂದು ಗಂಟೆಯಲ್ಲಿ ಏನೇನೋ ಮಾತಾಡತೊಡಗಿದ. ಗಾಳಿಯಲ್ಲಿ ನೂಲು ಹಿಡಿದ ಹಾಗೆ ಬೆರಳು ಆಡಿಸುತ್ತಾನೆ, ಹೊದಿಕೆ ಹೆಕ್ಕುತ್ತಾನೆ, ಸತ್ತುಹೋದ ಅಜ್ಜನ ಹತ್ತಿರ ಮಾತಾಡುತ್ತಾನೆ. ಮೈಮೇಲೆ ಬಂದಿದೆ, ಈಗ ಬಾಯಿ ಬಿಡುತ್ತದೆ ಅಂತ ಐದು ಗಂಟೆ ಹೊಗೆಯ ಎದುರು ಕೂರಿಸಿದ್ದರು.

ನಾನು ಡ್ಯೂಟಿ ಮುಗಿಸಿ ಬೆಳಿಗ್ಗೆ ಬಂದೆ. ಬಾಯಿ ಒಣಗಿ ನಾಲಗೆ ಅಂಟಿದೆ, ಮೈ ಕೆಂಡ, ಮುಖ ಕೆಂಪು, ಕಣ್ಣಿನ ಕಪ್ಪು ಪೂರ್ತಿ ಅಗಲ. ಮೂತ್ರ ಹೋಗಿಲ್ಲ. ಉಮ್ಮತ್ತಿ (ದತ್ತೂರ) ಬೀಜ ಅಂತ ನನಗೆ ಆಗಲೇ ಅನಿಸಿತು, ಆಸ್ಪತ್ರೆಯಲ್ಲಿ ಇಂಥದ್ದು ನೋಡಿದ್ದೇನೆ. ಐಸಿಯುನಲ್ಲಿ 3 ದಿನ, 74,000. ವಿಮಾನದ ಟಿಕೆಟ್ 18,600 ಹೋಯಿತು, ಕಂಪೆನಿಯವರು ಬೇರೆಯವನನ್ನು ತೆಗೆದುಕೊಂಡರು. ಅವನಿಗೆ ಆ ರಾತ್ರಿಯದ್ದು ಒಂದೂ ನೆನಪಿಲ್ಲ. ನಮಗೆ ಎಲ್ಲ ನೆನಪಿದೆ. ಅಮ್ಮ ಈಗಲೂ, ಏನೋ ಬಂದಿತ್ತು, ಹೋಯಿತು ಅನ್ನುತ್ತಾರೆ. ಅದನ್ನು ಕೇಳುವಾಗ ನನಗೆ ಆಗುವ ಸಂಕಟ ಹೇಳಲಿಕ್ಕೆ ಆಗುವುದಿಲ್ಲ.

ಇನ್ನೊಂದು. ಈಶ್ವರಬಳ್ಳಿ ನೆಡಿ, ಚಿಟ್ಟೆ ನೋಡಿ. ಬೇರು ತೇದು ಕುಡಿಯಬೇಡಿ, ಮಕ್ಕಳಿಗಂತೂ ಬೇಡವೇ ಬೇಡ. ಅದರಲ್ಲಿರುವ ಆಮ್ಲ ಕಿಡ್ನಿ ಕೆಡಿಸುತ್ತದೆ, ಕ್ಯಾನ್ಸರ್‌ಗೂ ಕಾರಣ ಅಂತ ಸಾಬೀತಾಗಿದೆ.

ಅಡೂರು_ವೈದ್ಯರಮನೆ:
ನಮ್ಮ ಅಜ್ಜ ಈಶ್ವರ ಬೇರು ತೇದು ಕುಡಿದೇ 91 ವರ್ಷ ಬದುಕಿದರು. ನಾಲ್ಕು ಪುಸ್ತಕ ಓದಿ ಊರಿನ ಮದ್ದನ್ನೆಲ್ಲ ವಿಷ ಅನ್ನಬೇಡಿ ಸಿಸ್ಟರ್. ಉಮ್ಮತ್ತಿ ಬೀಜ ಕೊಟ್ಟವನು ವೈದ್ಯನೂ ಅಲ್ಲ, ಮಂತ್ರವಾದಿಯೂ ಅಲ್ಲ.

ಮುಳ್ಳೇರಿಯ_ಸಿಸ್ಟರ್:
ನಿಮ್ಮ ಅಜ್ಜನ ಬಗ್ಗೆ ಗೌರವ ಉಂಟು. ಡಯಾಲಿಸಿಸ್ ವಾರ್ಡಿನಲ್ಲಿ ನಾನು ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಅಲ್ಲಿ ಮಲಗಿದವರ ಮನೆಯಲ್ಲೂ ಅಜ್ಜಂದಿರು ಇದ್ದರು.

ನೀರ್ಚಾಲು_ಕೃಷಿಕ:
ಮಾಟ ಅಂತ ಹಣ ಕಳೆದವರಲ್ಲಿ ನಾನೂ ಒಬ್ಬ. ಅಡಿಕೆ ಎಳತ್ತೇ ಉದುರುತ್ತಿತ್ತು. ತೋಟದ ನಾಲ್ಕು ಮೂಲೆಗೆ ಕಾಸರಕನ ಗೂಟ ಹೊಡೆಸಿ, ಗುಲಗಂಜಿ, ಕುಂಬಳಕಾಯಿ, ತಗಡು ಹುಗಿಸಿದೆ. 16,500. ಆ 15 ದಿನ ಔಷಧಿ ಸಿಂಪಡಿಸಬಾರದು ಎಂದಿದ್ದರು, ಸಿಂಪಡಿಸಲಿಲ್ಲ. ಪೂರಾ ಮಹಾಳಿ, ಅಡಿಕೆಯ ಕೊಳೆರೋಗ! ಮುಕ್ಕಾಲು ಫಸಲು ನೆಲಕ್ಕೆ. ಮರುವರ್ಷ ಮಳೆ ಹಿಡಿಯುವ ಮೊದಲೇ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು, ಕಲಸಿ ಸಿಂಪಡಿಸಿದೆ, 40 ದಿನ ಬಿಟ್ಟು ಮತ್ತೊಮ್ಮೆ. ನಿಂತಿತು. ಕಾಸರಕನ ಗೂಟ ಮಾತ್ರ ಗೆದ್ದಲು ತಿನ್ನದೆ ಇನ್ನೂ ಹಾಗೇ ಉಂಟು, ಅದರ ಮೇಲೆ ಒಳ್ಳೆಮೆಣಸಿನ ಬಳ್ಳಿ ಬಿಟ್ಟಿದ್ದೇನೆ.

ಉಪ್ಪಳ_ಕನ್ನಡಿಗ:
ಕಾಸರಕನ ಮರ ಕಡಿಯುವ ಮಾತೇ ಬೇಡ. ನಮ್ಮ ಕಾಸರಗೋಡಿಗೆ ಹೆಸರು ಬಂದದ್ದೇ ಅದರಿಂದ. 2023ರಲ್ಲಿ ಅದನ್ನು ನಮ್ಮ ಜಿಲ್ಲೆಯ ಮರ ಅಂತ ಘೋಷಣೆಯೂ ಮಾಡಿದ್ದಾರೆ.

ಕುಂಬಳೆ_ಟೀಚರ್:
ಹೆಸರು ಮರದಿಂದ ಅಂತ ಒಂದು ವಾದ, ಅಷ್ಟೇ. ಕಾಸಾರ ಅಂದರೆ ಕೆರೆ, ಅದರಿಂದ ಬಂತು ಅಂತ ಇನ್ನೊಂದು ಉಂಟು.

ಉಪ್ಪಳ_ಕನ್ನಡಿಗ:
ಕಾಸರಕ ಅಂತ ಅಚ್ಚಕನ್ನಡ ಬಾಯಲ್ಲಿ ಇರುವಾಗ ಸಂಸ್ಕೃತದ ಕೆರೆಗೆ ಯಾಕೆ ಹೋಗಬೇಕು? ಮಲಯಾಳದವರು ಕಾಞ್ಞಿರಂ ಅನ್ನುತ್ತಾರೆ, ತುಳುವರು ಕಾಯೆರ್ ಅನ್ನುತ್ತಾರೆ, ಎಲ್ಲರದ್ದೂ ಮರವೇ. ನಮ್ಮ ಟೀಚರ್‌ಗಳೇ ಹೀಗೆ ಹೇಳಿದರೆ ಇಲ್ಲಿಯ ಊರುಗಳ ಬೋರ್ಡಿನಲ್ಲಿ ಕನ್ನಡ ಉಳಿಯುತ್ತದಾ?

ಕುಂಬಳೆ_ಟೀಚರ್:
ಬೋರ್ಡಿಗಾಗಿ ನಿಮಗಿಂತ ಮೊದಲೇ ಬಿಸಿಲಲ್ಲಿ ನಿಂತವಳು ನಾನು. ಅದನ್ನು ಇಲ್ಲಿ ಎಳೆಯಬೇಡಿ.

ಬದಿಯಡ್ಕ_ಹೊಸಮನೆ:
ದಯವಿಟ್ಟು ಜಗಳ ಬೇಡ. ಎಲ್ಲ ಓದಿದೆ, ಅತ್ತೆಗೂ ಓದಿ ಹೇಳಿದೆ. ಸಿಸ್ಟರ್ ತಮ್ಮನ ಕತೆಗೆ ಅವರು ಅತ್ತರು. ಆದರೆ ಆಣಿಯ ಬಗ್ಗೆ ಯಾರೂ ಹೇಳಲೇ ಇಲ್ಲ.

ಅಡೂರು_ವೈದ್ಯರಮನೆ:
ಆಣಿ ಕೀಳಬೇಡಿ ತಂಗಿ. ಯಕ್ಷಿಯನ್ನು, ಅಂದರೆ ಕಾಡುವ ಹೆಣ್ಣು ಶಕ್ತಿಯನ್ನು, ಹಾಲೆಗೆ, ಕಾಸರಕಕ್ಕೆ ಆಣಿ ಹೊಡೆದು ನಿಲ್ಲಿಸುವುದು ಈ ಕಡೆ ಹಳೇ ಕ್ರಮ. ನಿಲ್ಲಿಸಿದ್ದು ನಿಂತಿರಲಿ. ಕಾಸರಕ ಅಶ್ವಿನಿ ನಕ್ಷತ್ರದವರ ಮರ, ಕಡಿದರೆ ಅವರಿಗೆ ಒಳ್ಳೆಯದಲ್ಲ. ಬುಡಕ್ಕೆ ಕಟ್ಟೆ ಕಟ್ಟಿ, ಸಂಕ್ರಮಣಕ್ಕೆ ಒಂದು ದೀಪ ಇಡಿ. ಅದಕ್ಕೆ 38,000 ಬೇಡ.

ಮುಳ್ಳೇರಿಯ_ಸಿಸ್ಟರ್:
ಇದಕ್ಕೆ ನನ್ನದೂ ವಿರೋಧ ಇಲ್ಲ. ಕಟ್ಟೆಯ ಸುತ್ತ ಬಲೆಯೂ ಇರಲಿ. ಕಿತ್ತಳೆ ಬಣ್ಣದ ಹಣ್ಣು ಬಿದ್ದದ್ದನ್ನು ದಿನಾ ಹೆಕ್ಕಿ ಹುಗಿಯಿರಿ, ಒಳಗಿನ ಚಪ್ಪಟೆ ಬೀಜ ಕಡು ವಿಷ. ಬಾವಿಗೂ ಬಲೆ ಹಾಕಿಸಿ.

ಬದಿಯಡ್ಕ_ಹೊಸಮನೆ:
ಹಾಗೇ ಮಾಡುತ್ತೇವೆ. ನಮ್ಮ ಅತ್ತೆಯದ್ದು ಅಶ್ವಿನಿ ನಕ್ಷತ್ರವೇ! ಮಂತ್ರವಾದಿಗೆ ಫೋನ್ ಮಾಡಿ ಬೇಡ ಎಂದೆವು. ಮುಂಗಡ ಕೊಟ್ಟ 3,000 ವಾಪಸ್ ಬರುವುದಿಲ್ಲವಂತೆ. ಪೆರ್ಲದ ಅಣ್ಣಾ, ಬಿಳಿ ಎಕ್ಕದ ಒಂದು ಗೆಲ್ಲು ಸಿಗಬಹುದಾ? ಅತ್ತೆಗೆ ಅದಾದರೂ ಬೇಕಂತೆ.

ಪೆರ್ಲದವ:
ಆದಿತ್ಯವಾರ ಬನ್ನಿ ಅಕ್ಕ, ದುಡ್ಡು ಬೇಡ. ಈಗ ಹೂ ಉಂಟು, ಬಣ್ಣ ನಿಮ್ಮ ಕಣ್ಣಾರೆ ನೋಡಿಯೇ ತೆಗೆದುಕೊಂಡು ಹೋಗಿ. ಮಕ್ಕಳನ್ನು ಹತ್ತಿರ ಬಿಡಬೇಡಿ, ನಾನು ಕನ್ನಡಕ ಹಾಕಿ ಕಡಿದು ಕೊಡುತ್ತೇನೆ.

ಅಡೂರು_ವೈದ್ಯರಮನೆ:
ಶನಿವಾರ ಸಂಜೆ ಬುಡಕ್ಕೆ ಅಕ್ಕಿ ಇಡಿ.

ಪೆರ್ಲದವ:
ಇಡುತ್ತೇನೆ ಅಣ್ಣ.